ಭಾನುವಾರಕ್ಕೊಂದು ಎಣ್ಣೆನೀರು

ಸ್ಪಾಗೆ ಹೋಗಿ ಬಂದ ಗೆಳತಿಯೊಬ್ಬಳು ಅಲ್ಲಿ ಏನೇನು ಮಾಡಿದರು ಅಂತ ವಿವರಿಸುತ್ತಿದ್ದಳು. ಬೆಚ್ಚಗಿನ ಎಣ್ಣೆ ಹಚ್ಚಿದರಂತೆ, ನೆತ್ತಿ ತಟ್ಟಿದರಂತೆ, ಬಿಸಿನೀರಿನ ಸ್ನಾನವಂತೆ, ಕೊನೆಗೆ ಧೂಪವಂತೆ. ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ನಮ್ಮತ್ತೆ, "ಎಣ್ಣೆನೀರು ಹಾಕಿದರು ಅನ್ನು, ಅಷ್ಟೇ ತಾನೆ?" ಅಂದರು.

ಅಷ್ಟೇ. ನರಕ ಚತುರ್ದಶಿಗೆ, ಯುಗಾದಿಗೆ ತಪ್ಪದೆ ಮಾಡಿ, ಮಿಕ್ಕ ದಿನ ಮರೆತೇಬಿಡುವ ಅಭ್ಯಂಜನ. ಹಿಂದೆ ಹಲವು ಮನೆಗಳಲ್ಲಿ ಹೆಂಗಸರಿಗೆ ಮಂಗಳವಾರ, ಶುಕ್ರವಾರ, ಗಂಡಸರಿಗೆ ಶನಿವಾರ ಅಂತ ದಿನವೇ ಗೊತ್ತಾಗಿರುತ್ತಿತ್ತು. ಈಗ ಎಲ್ಲರಿಗೂ ಸೇರಿ ಇರುವುದು ಭಾನುವಾರ ಒಂದೇ.

ದಣಿದ ಮನಸ್ಸಿಗೆ ನಾನು ಇದನ್ನೇ ಹೇಳುವುದಕ್ಕೆ ಕಾರಣ ಒಂದು. ಎಣ್ಣೆ ಕೈಯಲ್ಲಿ ಮೊಬೈಲ್ ಹಿಡಿಯಲು ಬರುವುದಿಲ್ಲ. ಎಣ್ಣೆ ಮೈಯಲ್ಲಿ ಸೋಫಾ ಮೇಲೆ ಕೂರುವ ಹಾಗಿಲ್ಲ, ಲ್ಯಾಪ್‌ಟಾಪ್ ತೆರೆಯುವ ಹಾಗಿಲ್ಲ, ಹೊರಗೆ ಹೋಗುವ ಹಾಗಂತೂ ಇಲ್ಲವೇ ಇಲ್ಲ. ಮಣೆ ಮೇಲೆ ಸುಮ್ನೆ ಕೂರಬೇಕು. ಧ್ಯಾನಕ್ಕೆ ಕೂತವರು ಮಧ್ಯದಲ್ಲಿ ಎದ್ದು ಹೋಗಬಹುದು. ಇಲ್ಲಿ ಎದ್ದರೂ ಹೋಗಲು ಜಾಗವಿಲ್ಲ.

ಶನಿವಾರವೇ ತಯಾರಿ

ಬೆಳಿಗ್ಗೆ ಎದ್ದು ಸೀಗೆಪುಡಿ ಹುಡುಕುತ್ತಾ ಕೂತರೆ ಅರ್ಧ ಉತ್ಸಾಹ ಅಲ್ಲೇ ಇಳಿಯುತ್ತದೆ. ಹಿಂದಿನ ರಾತ್ರಿಯೇ ಇಷ್ಟು ತೆಗೆದಿಡಿ: ಎಣ್ಣೆ, ಸೀಗೆಪುಡಿ, ಕಡಲೆಹಿಟ್ಟು, ಒಂದು ಮಣೆ ಅಥವಾ ಸ್ಟೂಲು, ಎಣ್ಣೆಯಾದರೂ ಬೇಸರವಾಗದ ಹಳೇ ಬಟ್ಟೆ, ತೆಳ್ಳಗಿನ ಹತ್ತಿ ಟವೆಲ್ಲು. ಮರುದಿನದ ತಿಂಡಿ ಏನು ಅನ್ನೋದೂ ಆಗಲೇ ತೀರ್ಮಾನವಾಗಿರಲಿ. ಎಣ್ಣೆ ಹಚ್ಚಿಕೊಂಡ ಮೇಲೆ "ಅಮ್ಮಾ, ತಿಂಡಿ?" ಅಂತ ಯಾರೂ ಬರಬಾರದು.

ಎಣ್ಣೆ ಯಾವುದು? ಮೈಗೆ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ. ಎಳ್ಳೆಣ್ಣೆಗೆ ವಾಸನೆ ಸ್ವಲ್ಪ ಜಾಸ್ತಿ, ಆದರೆ ಚಳಿಗಾಲದಲ್ಲಿ ಹಿತ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ಬಾಟಲಿ ಬುಡಮೇಲು ಮಾಡಿ ಕುಟ್ಟುವ ಬದಲು ಬಿಸಿನೀರಲ್ಲಿ ಇಡಿ. ತಲೆಗೆ ಹರಳೆಣ್ಣೆ ತಂಪು ಅಂತ ಹಿರಿಯರು ಹೇಳುತ್ತಾರೆ. ಹಚ್ಚಬಹುದು, ಆದರೆ ಅದು ತುಂಬಾ ಅಂಟು. ಉದ್ದ ಕೂದಲಿಗೆ ಬರೀ ಹರಳೆಣ್ಣೆ ಸುರಿದುಕೊಂಡರೆ ತೊಳೆಯುವುದೇ ಒಂದು ಶಿಕ್ಷೆ. ಮೂರು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಸಾಕು. ಮೈಗೆಲ್ಲ ಸೇರಿ ಸಣ್ಣ ಬಟ್ಟಲಿನಷ್ಟು ಬೇಕು. ಹೊಸ ಎಣ್ಣೆಯಾದರೆ ಇವತ್ತೇ ಮುಂಗೈಗೆ ಸ್ವಲ್ಪ ಹಚ್ಚಿ ನೋಡಿ. ಬೆಳಿಗ್ಗೆ ತುರಿಕೆಯಿದ್ದರೆ ಅದು ನಿಮಗಲ್ಲ.

ಸೀಗೆಪುಡಿಯನ್ನು ಮನೆಯಲ್ಲೇ ಮಾಡುವವರು ಸೀಗೆಕಾಯಿಗೆ ಹೆಸರುಕಾಳು, ಮೆಂತ್ಯ, ಒಣಗಿದ ದಾಸವಾಳದ ಎಲೆ ಸೇರಿಸಿ ಗಿರಣಿಗೆ ಕೊಡುತ್ತಾರೆ. ಗಿರಣಿಯ ಹುಡುಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಮ್ಮನ್ನೇ ದಿಟ್ಟಿಸುತ್ತಾನೆ, ಸಹಿಸಿಕೊಳ್ಳಿ. ಕರಾವಳಿ, ಮಲೆನಾಡಿನ ಕೆಲವು ಮನೆಗಳಲ್ಲಿ ದಾಸವಾಳದ ಅಥವಾ ಮತ್ತಿಯ ಎಲೆಯನ್ನು ನೀರಲ್ಲಿ ಕಿವುಚಿ ಲೋಳೆ ತೆಗೆಯುತ್ತಾರೆ. ಅದಕ್ಕೆ ಗೊಂಪು ಅನ್ನುತ್ತಾರೆ. ಕೂದಲಿಗೆ ಅಷ್ಟು ಮೃದುವಾದ ಶಾಂಪೂ ನಾನಂತೂ ಕಂಡಿಲ್ಲ.

ಹಚ್ಚುವುದು ಹೇಗೆ

ಎಣ್ಣೆಯನ್ನು ನೇರ ಒಲೆ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲು ಇಟ್ಟರೆ ಐದು ನಿಮಿಷಕ್ಕೆ ಹದವಾಗುತ್ತದೆ. ಬೆರಳು ಅದ್ದಿದರೆ ಬೆಚ್ಚಗಿರಬೇಕು, ಚುರ್ ಅನ್ನಬಾರದು.

ನೆತ್ತಿಯಿಂದ ಶುರು ಮಾಡಿ. ನಮ್ಮಜ್ಜಿ ಮೊದಲು ನೆಲಕ್ಕೆ ಏಳು ಬೊಟ್ಟು ಎಣ್ಣೆ ಇಟ್ಟು, ಅಶ್ವತ್ಥಾಮ, ಬಲಿ, ವ್ಯಾಸ ಅಂತ ಏಳು ಚಿರಂಜೀವಿಗಳ ಹೆಸರು ಹೇಳಿಯೇ ತಲೆ ಮುಟ್ಟುತ್ತಿದ್ದರು. ಆಮೇಲೆ ಅಂಗೈಯಲ್ಲಿ ತಪ ತಪ ತಟ್ಟುವುದು. ಆ ಶಬ್ದಕ್ಕೇ ಕಣ್ಣು ಎಳೆಯುತ್ತಿತ್ತು. ನಿಮಗೆ ನೀವೇ ಹಚ್ಚಿಕೊಳ್ಳುವಾಗ ಉಗುರು ತಾಗದಂತೆ ಬೆರಳ ತುದಿಯಿಂದ ನೆತ್ತಿಯ ಚರ್ಮವನ್ನೇ ಅಲುಗಾಡಿಸಿ. ಕೂದಲನ್ನು ಉಜ್ಜಬೇಡಿ, ಸಿಕ್ಕಾಗುತ್ತದೆ.

ನಂತರ ಕತ್ತು ಮತ್ತು ಹೆಗಲು. ಇಲ್ಲಿ ಅವಸರ ಬೇಡವೇ ಬೇಡ. ದಿನವಿಡೀ ಪರದೆಗೆ ಬಾಗಿ ಕೂರುವವರ ದಣಿವೆಲ್ಲ ಗಂಟು ಕಟ್ಟುವುದು ಇಲ್ಲೇ. ಬಲಗೈಯಿಂದ ಎಡ ಹೆಗಲು ಹಿಡಿದು, ಕತ್ತಿನ ಬುಡದಿಂದ ತೋಳಿನ ಕಡೆಗೆ ಎಳೆಯಿರಿ. ನೋಯುವ ಜಾಗ ಸಿಕ್ಕರೆ ಅಲ್ಲೇ ಬೆರಳು ಒತ್ತಿ ನಿಲ್ಲಿಸಿ, ಎರಡು ಉಸಿರು ಬಿಟ್ಟು ಮುಂದೆ ಹೋಗಿ. ಆಮೇಲೆ ಇನ್ನೊಂದು ಹೆಗಲು. ಎರಡಕ್ಕೂ ಸೇರಿ ಹತ್ತು ನಿಮಿಷವಾದರೂ ಕೊಡಿ.

ಕೈಕಾಲಿಗೆ ಉದ್ದುದ್ದ ಎಳೆತ, ಮೊಣಕೈ ಮೊಣಕಾಲಿಗೆ ದುಂಡಗೆ. ಹೊಟ್ಟೆಗೆ ಮೆಲ್ಲಗೆ. ಬೆನ್ನು ನಿಲುಕುವುದಿಲ್ಲ, ಮನೆಯಲ್ಲಿ ಯಾರಿದ್ದಾರೋ ಅವರನ್ನು ಕರೆಯಿರಿ. ಯಾರೂ ಇಲ್ಲದಿದ್ದರೆ ಟವೆಲ್ಲಿಗೆ ಎಣ್ಣೆ ಹಾಕಿ ಎರಡೂ ತುದಿ ಹಿಡಿದು ಎಳೆದಾಡಿ. ತಲೆ, ಕಿವಿ, ಪಾದಕ್ಕೆ ವಿಶೇಷ ಗಮನ ಕೊಡಿ ಅಂತ ಆಯುರ್ವೇದ ಹೇಳುತ್ತದೆ. ಕಿವಿಯ ಹಿಂದೆ ಮುಂದೆ ಸವರಿದರೆ ಸಾಕು, ಒಳಗೆ ಸುರಿಯಬೇಡಿ. ಪಾದವನ್ನು ಕೊನೆಗೆ ಇಟ್ಟುಕೊಳ್ಳಿ.

ಕೊನೆಗೇ ಯಾಕೆ ಅಂದರೆ, ಒಮ್ಮೆ ಪಾದಕ್ಕೂ ಹಚ್ಚಿಕೊಂಡು ಕೂತಿದ್ದೆ, ಕಾಲಿಂಗ್ ಬೆಲ್ ಆಯಿತು. ಕೊರಿಯರ್ ಇರಬೇಕು ಅಂತ ಎದ್ದು ಹೊರಟವಳು ಹಾಲಿನ ಟೈಲ್ಸ್ ಮೇಲೆ ಸರ್ರನೆ ಜಾರಿ, ಬಾಗಿಲ ಬದಲು ಶೂ ಸ್ಟ್ಯಾಂಡಿಗೆ ತಲುಪಿದೆ. ಬಂದದ್ದು ಪಕ್ಕದ ಮನೆಯವರ ಪಾರ್ಸೆಲ್ಲು.

ಕಾಯುವುದು

ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಬಾಲ್ಕನಿಯಲ್ಲಿ ಎಳೆಬಿಸಿಲು ಬರುತ್ತಿದ್ದರೆ ಅಲ್ಲೇ ಕೂರಿ. ರೇಡಿಯೊ ಬೇಕಾದರೆ ಎಣ್ಣೆ ಮುಟ್ಟುವ ಮೊದಲೇ ಹಾಕಿಡಿ. ಇಷ್ಟು ಹೊತ್ತು ಏನೂ ಮಾಡದೆ ಕೂರುವುದು ಮೊದಲ ಸಲ ಚಡಪಡಿಕೆ ಅನ್ನಿಸುತ್ತದೆ. ನನಗೆ ಮೂರನೇ ವಾರ ಅಭ್ಯಾಸವಾಯಿತು.

ಸ್ನಾನ

ಹಂಡೆಯ ನೀರು, ಸೌದೆ ಹೊಗೆ ಈಗ ಊರಿಗೆ ಹೋದಾಗ ಮಾತ್ರ. ಗೀಸರ್ ನೀರಾದರೂ ಅಡ್ಡಿಯಿಲ್ಲ. ಸುಮಾರು 40 ಡಿಗ್ರಿ, ಅಂದರೆ ಮೊಣಕೈ ಒಳಭಾಗಕ್ಕೆ ಹಿತವಾಗುವಷ್ಟು ಬಿಸಿ ಇರಲಿ. ಸುಡುಸುಡು ನೀರು ಸುರಿದುಕೊಂಡರೆ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ, ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಕೂತೇ ಸ್ನಾನ ಮಾಡಿ, ನಿಧಾನವಾಗಿ ಏಳಿ. ಜ್ವರವಿದ್ದರೆ ಎಣ್ಣೆನೀರೇ ಬೇಡ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಡಾಕ್ಟರನ್ನು ಕೇಳಿಯೇ ಮಾಡಲಿ. ಗ್ಯಾಸ್ ಗೀಸರ್ ಬಚ್ಚಲೊಳಗೇ ಇದ್ದರೆ ಬಾಗಿಲು ಕಿಟಕಿ ಮುಚ್ಚಿಕೊಂಡು ಸ್ನಾನ ಮಾಡಲೇಬೇಡಿ. ಅದರಿಂದ ಬರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯೇ ಇಲ್ಲ, ಪ್ರಾಣಕ್ಕೇ ಅಪಾಯ.

ಮೈಗೆ ಕಡಲೆಹಿಟ್ಟು, ಒದ್ದೆ ಮಾಡುವ ಮೊದಲೇ. ಒಣಹಿಟ್ಟು ಎಣ್ಣೆ ಹೀರುತ್ತದೆ, ಆಮೇಲೆ ನೀರು ಹಾಕಿ ಉಜ್ಜಿ. ಸೀಗೆಪುಡಿಯನ್ನು ಅನ್ನದ ಗಂಜಿಯಲ್ಲಿ ಕಲಸಿದರೆ ಕೂದಲಿಗೆ ಚೆನ್ನಾಗಿ ಹತ್ತುತ್ತದೆ. ಶಾಂಪೂವಿನಷ್ಟು ನೊರೆ ಬರಲಿಲ್ಲ ಅಂತ ಗಾಬರಿ ಬೇಡ, ಸೀಗೆಯಲ್ಲಿರುವ ಸ್ಯಾಪೋನಿನ್ ಅನ್ನೋ ಸಾಬೂನಿನಂಥ ಅಂಶ ಅಷ್ಟರಲ್ಲೇ ಎಣ್ಣೆ ಬಿಡಿಸುತ್ತದೆ. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿ. ಬಾಲ್ಯದಲ್ಲಿ ಆ ಉರಿ ತಿಂದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹೊರಬರುವ ಮುನ್ನ ನೆಲಕ್ಕೂ ಸ್ವಲ್ಪ ಸೀಗೆಪುಡಿ ಉದುರಿಸಿ ಉಜ್ಜಿಬಿಡಿ. ಮುಂದೆ ಬರುವವರು ಜಾರಬಾರದು.

ಆ ಸರದಿ ಬಗ್ಗೆ ಒಂದು ಮಾತು. ಎಲ್ಲರಿಗೂ ಎಣ್ಣೆ ಹಚ್ಚಿ, ಎಲ್ಲರ ಬೆನ್ನು ಉಜ್ಜಿ, ಕೊನೆಗೆ ತಣ್ಣೀರು ಉಳಿದಾಗ ಸ್ನಾನಕ್ಕೆ ಹೋಗುವುದು ಮನೆಯ ಹೆಂಗಸು. ಮೊದಲ ಬಕೆಟ್ ಅವಳದಾಗಲಿ. ಮಿಕ್ಕವರು ಕಾಯಲಿ.

ಆಮೇಲೆ

ಒದ್ದೆ ಕೂದಲು ಬೇಗ ಮುರಿಯುತ್ತದೆ, ತಿಕ್ಕದೆ ಟವೆಲ್ ಸುತ್ತಿಡಿ. ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಕೂದಲಿಗೆ ಹೊಗೆ ಹಿಡಿಯಬಹುದು. ಉಬ್ಬಸ ಇರುವವರ ಮನೆಯಲ್ಲಿ ಬೇಡ. ಊಟಕ್ಕೆ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ, ಸುಟ್ಟ ಹಪ್ಪಳ. ಎಣ್ಣೆನೀರಿನ ದಿನ ಹಗಲು ಮಲಗಬಾರದು ಅಂತ ಹಿರಿಯರು ಹೇಳುತ್ತಾರೆ. ಈ ಒಂದು ಮಾತು ಮಾತ್ರ ನನ್ನ ಕೈಲಿ ಪಾಲಿಸಲು ಆಗಿಲ್ಲ.

ವಾರದ ನಡುವೆ ಇಷ್ಟೆಲ್ಲ ಆಗದು. ಆಗ ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಹತ್ತು ನಿಮಿಷದ ಬಿಸಿನೀರಿನ ಸ್ನಾನ ಮಾಡಿ. ಚರ್ಮಕ್ಕೆ ರಕ್ತ ಹರಿದು ಒಳಗಿನ ಶಾಖ ಹೊರಹೋಗುತ್ತದೆ, ಮೈ ತಣಿದಂತೆ ನಿದ್ದೆ ಹತ್ತುತ್ತದೆ. ಮಲಗುವ ಮುನ್ನ ಅಂಗಾಲಿಗೆ ಅರ್ಧ ಚಮಚ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿ, ಹಾಸಿಗೆಯ ಮೇಲೆ ಕೂತೇ ಹಳೇ ಕಾಲುಚೀಲ ಹಾಕಿಕೊಳ್ಳಿ. ಇಲ್ಲದಿದ್ದರೆ ಬೆಡ್‌ಶೀಟಿನ ಎಣ್ಣೆ ಜಿಡ್ಡು ತೆಗೆಯುವ ಕೆಲಸ ಮತ್ತೆ ಭಾನುವಾರಕ್ಕೇ ಬಂದು ಕೂರುತ್ತದೆ.