ಬೀಚ್ ರಸ್ತೆ ದಾಟಲು ಒಂಬತ್ತು ಸೆಕೆಂಡು

ಮಲ್ಪೆ ಹತ್ತಿರ ಸೇತುವೆ ದಾಟಿ ದಕ್ಷಿಣಕ್ಕೆ ತಿರುಗಿದರೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ನಡುವಿನ ಕಿರಿದಾದ ಪಟ್ಟಿಯಲ್ಲಿ ಒಂದು ರಸ್ತೆ, ಅದರ ಬದಿಗೇ ನಮ್ಮ ಮನೆಗಳು, ತೆಂಗಿನ ಮರಗಳು. ನನ್ನ ಟೈಲರಿಂಗ್ ಅಂಗಡಿಯೂ ಅಲ್ಲೇ. ಮೆಷಿನ್ ಮುಂದೆ ಕೂತರೆ ರಸ್ತೆ ಕಣ್ಣೆದುರೇ ಇರುತ್ತದೆ.

ಮೊದಲು ಇಲ್ಲಿ ಓಡಾಡುತ್ತಿದ್ದದ್ದು ಸೈಕಲ್, ರಿಕ್ಷಾ, ಮೀನಿನ ಟೆಂಪೋ ಅಷ್ಟೇ. ಈಗ ಶನಿವಾರ ಬಂತೆಂದರೆ ಬೀಚ್ ನೋಡಲು ಬರುವ ಕಾರುಗಳ ಸಾಲು. ಖಾಲಿ ರಸ್ತೆ, ಪಕ್ಕದಲ್ಲಿ ಕಡಲು, ತಣ್ಣನೆ ಗಾಳಿ. ಆಕ್ಸಿಲರೇಟರ್ ಮೇಲೆ ಕಾಲು ತನ್ನಷ್ಟಕ್ಕೆ ಜೋರಾಗುತ್ತದೆ, ಅಲ್ವಾ?

ಒಂದು ದಿನ ಬೆಳಿಗ್ಗೆ ಮೀನು ಮಾರುವ ಅಜ್ಜಿ ರಸ್ತೆ ದಾಟುತ್ತಿದ್ದರು. ತಲೆ ಮೇಲೆ ಬುಟ್ಟಿ. ಕಾರು ಕಿರ್ರನೆ ಬ್ರೇಕ್ ಹಾಕಿತು. ಗಾಬರಿಯಲ್ಲಿ ಅಜ್ಜಿ ಹಿಂದಕ್ಕೆ ಸರಿದು ಬಿದ್ದರು. ಮೊಣಕಾಲು ಕೆತ್ತಿಹೋಯಿತು, ಅಷ್ಟಕ್ಕೇ ಮುಗಿಯಿತು. ಆದರೆ ಬಂಗುಡೆಗಳೆಲ್ಲ ರಸ್ತೆ ತುಂಬಾ ಚೆಲ್ಲಿದ್ದವು. ಅವರು ಅಲ್ಲೇ ಕೂತು ಒಂದೊಂದನ್ನೇ ಎತ್ತಿ, ಮರಳು ಒರೆಸಿ ಬುಟ್ಟಿಗೆ ಹಾಕುತ್ತಿದ್ದರು. ಕೈ ನಡುಗುತ್ತಿತ್ತು. ನಾನೂ ಹೋಗಿ ಹೆಕ್ಕಿದೆ. ಆಗಲೇ ನನಗೆ ಒಂದು ವಿಷಯ ಹೊಳೆದದ್ದು. ತಲೆ ಮೇಲೆ ಬುಟ್ಟಿ ಇಟ್ಟವರು ಕುತ್ತಿಗೆಯನ್ನು ಸರಕ್ಕನೆ ಎಡಕ್ಕೆ ಬಲಕ್ಕೆ ತಿರುಗಿಸುವ ಹಾಗಿಲ್ಲ. ಅವರು ಕಿವಿ ನಂಬಿ ದಾಟುತ್ತಾರೆ. ಕಡಲ ಅಬ್ಬರದಲ್ಲಿ ಕಾರಿನ ಸದ್ದು ಎಷ್ಟು ಕೇಳೀತು? ಎಲೆಕ್ಟ್ರಿಕ್ ಸ್ಕೂಟರ್ ಆದರಂತೂ ಸದ್ದೇ ಇಲ್ಲ.

ಜೀಬ್ರಾ ಪಟ್ಟೆ ಇರಲಿಲ್ಲ ಅಂತಲ್ಲ, ಇತ್ತು. ಭಜನಾ ಮಂದಿರದ ಗೇಟಿನ ಎದುರು ಬಳಿದಿದ್ದರು. ಅಲ್ಲಿ ಯಾರೂ ದಾಟುವುದಿಲ್ಲ. ಜನ ದಾಟುವುದು ಅಲ್ಲಿಂದ ಎಪ್ಪತ್ತು ಹೆಜ್ಜೆ ಈಚೆಗೆ, ಕಡಲಿಗೆ ಹೋಗುವ ಓಣಿಯ ಬಾಯಲ್ಲಿ. ಬಸ್ ನಿಲ್ಲುವುದೂ ಅಲ್ಲೇ. ಒಂದು ವಾರ ನಾನು ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಗೀಟು ಹಾಕುತ್ತಾ ಬಂದೆ. ಓಣಿ ಹತ್ತಿರ ದಾಟಿದರೆ ಎಡಕ್ಕೆ ಒಂದು ಗೀಟು, ಪಟ್ಟೆ ಮೇಲೆ ದಾಟಿದರೆ ಬಲಕ್ಕೆ. ಬಲಬದಿ ಹೆಚ್ಚುಕಡಿಮೆ ಖಾಲಿಯೇ ಉಳಿಯಿತು. ಜನ ಪಟ್ಟೆ ಇರುವಲ್ಲಿಗೆ ಹೋಗಿ ದಾಟಲಿ ಅಂತ ಹೇಳುವವರಿದ್ದಾರೆ. ಬಿಸಿಲಲ್ಲಿ ಬುಟ್ಟಿ ಹೊತ್ತು ಆ ಎಪ್ಪತ್ತು ಹೆಜ್ಜೆ ನಡೆದು, ಮತ್ತೆ ಎಪ್ಪತ್ತು ಹೆಜ್ಜೆ ವಾಪಸ್ ಬನ್ನಿ ಅಂತ ಯಾರಿಗೂ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಜನ ನಡೆಯುವಲ್ಲಿಗೆ ಪಟ್ಟೆ ಬರಬೇಕು.

ಮೊದಲು ಒಂದು ಅರ್ಜಿ ಕೊಟ್ಟೆವು. 'ರಸ್ತೆ ತುಂಬಾ ಅಪಾಯಕಾರಿ, ಕ್ರಮ ಕೈಗೊಳ್ಳಿ' ಅಂತ. ಉತ್ತರವೇ ಬರಲಿಲ್ಲ. ಈಗ ಯೋಚಿಸಿದರೆ, ಆ ಕಾಗದದಲ್ಲಿ ಓದುವವರು ಹಿಡಿದುಕೊಳ್ಳುವಂಥದ್ದು ಏನೂ ಇರಲಿಲ್ಲ.

ಟೈಲರ್ ಅಂದಮೇಲೆ ನನ್ನ ಹತ್ತಿರ ಟೇಪು, ಚಾಕು ಎರಡೂ ಇರುತ್ತವೆ. ಚಾಕು ಅಂದರೆ ಬಟ್ಟೆ ಮೇಲೆ ಗುರುತು ಹಾಕುವ ಸೀಮೆಸುಣ್ಣ. ಒಂದು ಮುಂಜಾನೆ ರಸ್ತೆಯ ಅಗಲ ಅಳೆದೆ, ಏಳು ಮೀಟರ್. ಅಜ್ಜಿ ದಾಟುವಾಗ ಮೊಬೈಲಿನಲ್ಲಿ ಸಮಯ ನೋಡಿದೆ, ಒಂಬತ್ತು ಸೆಕೆಂಡು. ಓಣಿಯ ಬಾಯಿಂದ ರಸ್ತೆಯ ತಿರುವಿನವರೆಗೆ ಅಳೆದರೆ 80 ಮೀಟರ್. ಅದರಾಚೆ ಏನು ಬರುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ.

ಇನ್ನು ಗಾಡಿಗಳ ವೇಗ. ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ಇದಕ್ಕೆ ದಾರಿ ಹೇಳಿದಳು. ಎರಡು ತೆಂಗಿನ ಮರಗಳ ನಡುವೆ 50 ಮೀಟರ್ ಅಳೆದು ಬುಡಕ್ಕೆ ಗುರುತು ಹಾಕಿದೆವು. ಗಾಡಿ ಒಂದು ಮರದಿಂದ ಇನ್ನೊಂದಕ್ಕೆ ಬರಲು ಎಷ್ಟು ಸೆಕೆಂಡು ಹಿಡಿಯಿತು ನೋಡಿ, 180ನ್ನು ಅದರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. ಆರು ಸೆಕೆಂಡಾದರೆ 30. ಮೂರಾದರೆ 60. ಭಾನುವಾರ ಸಂಜೆ ಮೂರು ಸೆಕೆಂಡಿನ ಗಾಡಿಗಳು ಬೇಕಾದಷ್ಟಿದ್ದವು.

ಇದನ್ನೆಲ್ಲ ಸೇರಿಸಿ ನೋಡಿದಾಗ ನನ್ನ ಎದೆ ಝಲ್ಲೆಂದಿತು. 60ರಲ್ಲಿ ಬರುವ ಕಾರು ಆ 80 ಮೀಟರನ್ನು ಐದು ಸೆಕೆಂಡಿನೊಳಗೆ ಮುಗಿಸುತ್ತದೆ. ಅಂದರೆ ಅಜ್ಜಿ ರಸ್ತೆ ಖಾಲಿ ಇದೆ ಅಂತ ಸರಿಯಾಗಿ ನೋಡಿಯೇ ಕಾಲಿಟ್ಟರೂ, ನಡು ರಸ್ತೆಗೆ ಬರುವಷ್ಟರಲ್ಲಿ ಕಾರು ಅವರ ಮೈಮೇಲೆ ಇರುತ್ತದೆ. ಅವರ ತಪ್ಪು ಏನೂ ಇಲ್ಲ. ಅದೇ ಕಾರು 30ರಲ್ಲಿ ಬಂದರೆ ಒಂಬತ್ತೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಅವರು ದಾಟಿ ಆಗಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ, ಅದು ಬೇರೆ.

ಬ್ಲೌಸ್ ಕಟಿಂಗಿಗೆ ಇಟ್ಟಿದ್ದ ದೊಡ್ಡ ಕಂದು ಕಾಗದದ ಮೇಲೆ ಇಡೀ ರಸ್ತೆಯ ನಕ್ಷೆ ಬರೆದೆ. ತಿರುವು, ಓಣಿ, ಬಸ್ ಸ್ಟಾಪ್, ಕಾರು ನಿಲ್ಲಿಸುವ ಜಾಗ, ಪ್ರತಿ ಅಳತೆ. ಕೆಳಗೆ ಇಷ್ಟು ಬರೆದೆ: ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. 2017ರ ವಾಹನ ಚಾಲನಾ ನಿಯಮಗಳ ಪ್ರಕಾರ ಜೀಬ್ರಾ ಪಟ್ಟೆಯಲ್ಲಿ ದಾರಿ ಬಿಡಬೇಕಾದವರು ಗಾಡಿಯವರು. ಗ್ರಾಮ ಸಭೆಗೆ ಆ ಕಾಗದ ಒಯ್ದು ಗೋಡೆಗೆ ಅಂಟಿಸಿದೆವು. ಎಂಜಿನಿಯರ್ ಎದ್ದು ಬಂದು ಅದರ ಮುಂದೆ ನಿಂತು ಓದಿದರು. ಮಾರನೇ ವಾರವೇ ಜಾಗ ನೋಡಲು ಬಂದರು.

ಮೊದಲು ಹಾಕಿದ ಹಂಪ್ ಕೆಟ್ಟದಾಗಿತ್ತು. ಕಿರಿದು, ಚೂಪು. ಬೈಕಿನ ಹಿಂದೆ ಐಸ್ ಬಾಕ್ಸ್ ಕಟ್ಟಿಕೊಂಡು ಬರುವ ಮೀನಿನವರು ಎಗರಿ ಬೀಳುವ ಹಾಗಾಯಿತು. ಊರವರೇ ಸಿಟ್ಟಾದರು, ಅದು ನ್ಯಾಯವೇ. ರಸ್ತೆಗಳಿಗೆ ಅಳತೆ ನಿಗದಿ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ನಿಧಾನ ಏರಿ ನಿಧಾನ ಇಳಿಯುವ ಹಾಗೆ. 25ರ ಆಸುಪಾಸಿನ ವೇಗದಲ್ಲಿ ಬಂದವರಿಗೆ ತೊಂದರೆ ಇಲ್ಲ, ಜೋರಾಗಿ ಬಂದವರಿಗೆ ಮಾತ್ರ ಕುಲುಕುತ್ತದೆ. ಹಳೆಯದನ್ನು ಒಡೆಸಿ, ಓಣಿಯ ಎದುರಿನ ಹೊಸ ಪಟ್ಟೆಗಿಂತ ಸ್ವಲ್ಪ ಮೊದಲೇ ಎರಡೂ ಕಡೆ ಹೀಗೇ ಮಾಡಿಸಿದೆವು. ಮಳೆನೀರು ಹೋಗಲು ಅಂಚಿನಲ್ಲಿ ಜಾಗ ಬಿಡಿಸಿದೆವು. ನಮ್ಮ ಕಡೆ ಇಂಥ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಜೂನ್ ಬಂದರೆ ಆಯಿತು ಕಥೆ.

ಬಸ್ಸಿನದ್ದು ಖರ್ಚಿಲ್ಲದ ಕೆಲಸ. ಮೊದಲು ಬಸ್ ದಾಟುವ ಜಾಗಕ್ಕಿಂತ ಹಿಂದೆ ನಿಲ್ಲುತ್ತಿತ್ತು. ಶಾಲೆ ಮಕ್ಕಳು ಇಳಿದು ಬಸ್ಸಿನ ಮೂತಿ ಎದುರಿಂದಲೇ ಓಡುತ್ತಿದ್ದರು. ಓವರ್‌ಟೇಕ್ ಮಾಡುವವರಿಗೆ ಮಗು ಕಾಣುವುದೇ ಇಲ್ಲ. ಡ್ರೈವರುಗಳ ಹತ್ತಿರ ಮಾತಾಡಿ, ಪಟ್ಟೆ ದಾಟಿ ಮುಂದೆ ಹೋಗಿ ನಿಲ್ಲಿಸಲು ಹೇಳಿದೆವು. ಈಗ ಮಕ್ಕಳು ಬಸ್ಸಿನ ಹಿಂದಿನಿಂದ ದಾಟುತ್ತಾರೆ, ಹಿಂದೆ ಬರುವ ಗಾಡಿಗೆ ಚೆನ್ನಾಗಿ ಕಾಣುತ್ತಾರೆ. ಪಟ್ಟೆಯ ಎರಡೂ ಬದಿ ಹತ್ತು ಮೀಟರ್ ಕಾರು ನಿಲ್ಲಿಸದ ಹಾಗೆ ದೋಣಿಯ ಹಳೆ ಹಗ್ಗ ಕಟ್ಟಿದವರು ನಮ್ಮ ಮೀನುಗಾರ ಹುಡುಗರು.

ದೀಪದ ವಿಷಯದಲ್ಲಿ ಒಂದು ಹೊಸದು ಕಲಿತೆ. ಬಲ್ಬ್ ಪಟ್ಟೆಯ ನೆತ್ತಿ ಮೇಲೇ ಇದ್ದರೆ ದಾಟುವವರು ಕಪ್ಪು ನೆರಳಿನ ಹಾಗೆ ಕಾಣುತ್ತಾರೆ. ಗಾಡಿ ಬರುವ ಕಡೆಗೆ ಸ್ವಲ್ಪ ಮುಂದೆ ಇದ್ದರೆ ಮೈಮೇಲೆ ಬೆಳಕು ಬೀಳುತ್ತದೆ. ಕಡಲ ಕಡೆಗೆ ಬೆಳಕು ಹೋಗದಂತೆ ಮರೆ ಹಾಕಿಸಿದೆವು. ಕಡಲಾಮೆ ಮರಿಗಳು ಮೊಟ್ಟೆಯೊಡೆದು ಬಂದರೆ ಬೆಳಕು ಕಂಡ ಕಡೆಗೇ ಹೋಗುತ್ತವೆ, ರಸ್ತೆಗೆ ಬಂದುಬಿಡುತ್ತವೆ.

ಉಳಿದ ಕೆಲಸ ಮರಳಿನದ್ದು. ಗಾಳಿ ಎದ್ದ ದಿನ ಪಟ್ಟೆ ಪೂರ್ತಿ ಮುಚ್ಚಿಹೋಗುತ್ತದೆ. ಬೆಳಿಗ್ಗೆ ಅಂಗಡಿ ಮುಂದೆ ಗುಡಿಸುವಾಗ ಅದನ್ನೂ ಗುಡಿಸುತ್ತೇನೆ. ಉಪ್ಪುಗಾಳಿಗೆ ಬೋರ್ಡ್ ಬೇಗ ತುಕ್ಕು ಹಿಡಿಯುತ್ತದೆ, ಮಳೆಗಾಲ ಕಳೆದ ಮೇಲೆ ಬಣ್ಣ ಮತ್ತೆ ಬಳಿಸಬೇಕು. ಅದಕ್ಕಾಗಿ ಪ್ರತಿ ವರ್ಷ ಪಂಚಾಯತಿಗೆ ಹೋಗಿ ನೆನಪಿಸುತ್ತೇನೆ.

ಕಳೆದ ಭಾನುವಾರ ಅಜ್ಜಿ ದಾಟುವಾಗ ಮತ್ತೆ ಎಣಿಸಿದೆ. ಹನ್ನೊಂದು ಸೆಕೆಂಡು ಆಯಿತು. ಅವರಿಗೆ ಮೊಣಕಾಲು ನೋವು ಜಾಸ್ತಿಯಾಗಿದೆ. ಎರಡೂ ಕಡೆ ಕಾರುಗಳು ನಿಂತು ಕಾಯುತ್ತಿದ್ದವು.