ಸೂಟ್‌ಕೇಸ್ ಕಾಯುವುದು ಯಾವ ಸೇವೆ? ವಿದೇಶಿ ವಿದ್ಯಾರ್ಥಿಗಳ ನಡುವೆ ನಮ್ಮ 9 ವರ್ಷ

ನಮ್ಮ ಶೆಡ್ಡಿನಲ್ಲಿ ಈಗ 43 ಸೂಟ್‌ಕೇಸ್ ಇವೆ. ನಿನ್ನೆ ರಾತ್ರಿ ಮಗ ಎಣಿಸಿ ಹೇಳಿದ. ಅದರಲ್ಲಿ ಒಂದೂ ನಮ್ಮದಲ್ಲ. ದೊಡ್ಡ ರಜೆಗೆ ತಮ್ಮ ದೇಶಕ್ಕೆ ಹೋಗುವ ವಿದ್ಯಾರ್ಥಿಗಳು ಇಟ್ಟು ಹೋದವು. ಐದು ವರ್ಷದ ಹಿಂದೆ ನಮಗೆ ಬೆಂಬಲ ಕೊಡುತ್ತಿದ್ದ ಒಂದು ಸಭೆಯ, ಅಂದರೆ ಚರ್ಚಿನ, ಹಿರಿಯರು ಬಂದಿದ್ದರು. ಶೆಡ್ಡಿನ ಬಾಗಿಲಲ್ಲಿ ನಿಂತು, "ಸೂಟ್‌ಕೇಸ್ ಕಾಯೋದು ಯಾವ ಸೇವೆ ಸಿಸ್ಟರ್?" ಅಂತ ಕೇಳಿದರು. ಆವತ್ತು ನನಗೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಈಗ ಕೊಡಬಲ್ಲೆ. ಅದಕ್ಕೇ ಬರೆಯುತ್ತಿದ್ದೇನೆ.

ಇದನ್ನು ಓದುವವರು ಜಾಸ್ತಿ ನಮ್ಮ ಹಾಗೆ ವಿದೇಶಿ ವಿದ್ಯಾರ್ಥಿಗಳ ನಡುವೆ ಕ್ರೈಸ್ತ ಸೇವೆಯಲ್ಲಿ ಇರುವವರೇ. ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಓರಿಯಂಟೇಷನ್ ವಾರ ಅಂದರೇನು, ಬೈಬಲ್ ಸ್ಟಡಿ ಹೇಗೆ ನಡೆಸೋದು, ಸೇವೆಗೆ ಕಾಣಿಕೆ ಕೊಡುವ ಬೆಂಬಲಿಗರಿಗೆ ಪತ್ರ ಹೇಗೆ ಬರೆಯೋದು ಅಂತ ನಾನು ಹೇಳಿಕೊಡಬೇಕಿಲ್ಲ. ನಾವು ಎಲ್ಲೆಲ್ಲಿ ಎಡವಿದೆವು, ಕೊನೆಗೆ ಯಾವುದು ಕೈಹಿಡಿಯಿತು, ಅಷ್ಟು ಹೇಳುತ್ತೇನೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆವು. ಹಾಲ್ ಬಾಡಿಗೆಗೆ ತಗೊಂಡು ದೊಡ್ಡ ಸ್ವಾಗತ ಕೂಟ ಇಟ್ಟೆವು. ಆಟ, ಹಾಡು, ಊಟ, ಕೊನೆಯಲ್ಲಿ ಹತ್ತು ನಿಮಿಷದ ಸಂದೇಶ. 60 ಜನರ ಹತ್ತಿರ ಬಂದಿದ್ದರು. ಆ ವರ್ಷ ಕಾರ್ಯಕ್ರಮಗಳಿಗೆ ಎತ್ತಿಟ್ಟಿದ್ದ ಹಣದಲ್ಲಿ ಅರ್ಧ ಒಂದೇ ಸಂಜೆಗೆ ಹೋಯಿತು. ಮುಂದಿನ ವಾರ ಮನೆಗೆ ಕರೆದರೆ ಬಂದವರು ಮೂವರು. ತಿಂಗಳು ಕಳೆಯುವಷ್ಟರಲ್ಲಿ ಅವರೂ ಇಲ್ಲ. ಫೋಟೋ ಮಾತ್ರ ಚೆನ್ನಾಗಿ ಬಂದಿದ್ದವು. ಬೆಂಬಲಿಗರು ತುಂಬಾ ಖುಷಿಪಟ್ಟರು.

ಎರಡನೇ ವರ್ಷ ವಿಮಾನ ನಿಲ್ದಾಣದಿಂದ ಕರೆತರುವ ಕೆಲಸ ಹಿಡಿದೆವು. ಇದು ತುಂಬಾ ಹಳೆಯ ದಾರಿ. ಕ್ರೈಸ್ತ ವಿದ್ಯಾರ್ಥಿ ಚಳವಳಿಯ ನಾಯಕ ಜಾನ್ ಮಾಟ್ 1911ರಲ್ಲಿ ಅಮೆರಿಕದಲ್ಲಿ ವಿದೇಶಿ ವಿದ್ಯಾರ್ಥಿಗಳಿಗಾಗಿ ಒಂದು ಸ್ನೇಹ ಸಮಿತಿ ಕಟ್ಟಿದಾಗ, ಅದರ ಕೆಲಸಗಾರರು ಹಡಗಿನಿಂದ ಇಳಿಯುವ ಹುಡುಗರನ್ನು ಬಂದರಿನಲ್ಲೇ ಎದುರುಗೊಳ್ಳುತ್ತಿದ್ದರು. ಒಳ್ಳೆಯ ಕೆಲಸ, ಈಗಲೂ ಮಾಡುತ್ತೇವೆ. ಆದರೆ ನಾವು ಎರಡು ವಾರದಲ್ಲಿ 30 ಜನರನ್ನು ಕರೆತಂದು, ಹಾಸ್ಟೆಲ್ ಬಾಗಿಲಲ್ಲಿ ಇಳಿಸಿ, ಕೈಬೀಸಿ ಬಂದುಬಿಟ್ಟೆವು. ಕಾರಿನ ಗೇರ್‌ಬಾಕ್ಸ್ ಹೋಯಿತು. ಅದರ ರಿಪೇರಿಗೆ ನಮ್ಮ ಒಂದು ತಿಂಗಳ ಆದಾಯಕ್ಕಿಂತ ಸ್ವಲ್ಪ ಜಾಸ್ತಿಯೇ ಬಿತ್ತು. ಆ 30 ಜನರಲ್ಲಿ ಆರು ತಿಂಗಳಾದ ಮೇಲೆ ನನಗೆ ಹೆಸರು ನೆನಪಿದ್ದದ್ದು ಇಬ್ಬರದು.

ಅದೇ ವರ್ಷದ ಇನ್ನೊಂದು ತಪ್ಪನ್ನು ಹೇಳಲೇಬೇಕು. ಉಚಿತ ಭಾಷಾ ತರಗತಿ ಶುರು ಮಾಡಿ, ಪಾಠದ ನಡುವೆ ಬೈಬಲಿನ ಸುವಾರ್ತೆಯ, ಅಂದರೆ ಯೇಸುಸ್ವಾಮಿಯ ಜೀವನ ಹೇಳುವ ಭಾಗಗಳನ್ನು ಓದಿಸುತ್ತಿದ್ದೆವು. ಪೋಸ್ಟರ್‌ನಲ್ಲಿ ಅದನ್ನು ಬರೆದಿರಲಿಲ್ಲ. ನಾಲ್ಕನೇ ವಾರ ಒಬ್ಬಳು ಹುಡುಗಿ ಪುಸ್ತಕ ಮುಚ್ಚಿ ಕೇಳಿದಳು: "ಇದು ಇರುತ್ತೆ ಅಂತ ಮೊದಲೇ ಯಾಕೆ ಹೇಳಲಿಲ್ಲ?" ಧ್ವನಿ ಏರಿಸಲಿಲ್ಲ. ಬೇಜಾರಿನಿಂದ ಕೇಳಿದಳು. ಆ ವಾರವೇ ತರಗತಿ ನಿಲ್ಲಿಸಿದೆವು. ಸತ್ಯವನ್ನು ಹೇಳಲು ಬಂದವರು ಮುಚ್ಚಿಟ್ಟು ಹೇಳಿದರೆ ಹೇಗೆ, ಅಲ್ವಾ? ಈಗ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇವೆ. ನಾವು ಯೇಸುಸ್ವಾಮಿಯನ್ನು ನಂಬಿದವರು, ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತೇವೆ, ನೀವು ಮಾಡಲೇಬೇಕೆಂದಿಲ್ಲ. ಬೈಬಲ್ ಓದುವುದು ಭಾನುವಾರ ಮಧ್ಯಾಹ್ನ, ಬೇಕು ಅನ್ನುವವರಿಗೆ ಮಾತ್ರ. ಹೀಗೆ ಬಿಚ್ಚಿ ಹೇಳಿದರೆ ಯಾರೂ ಬರಲ್ಲ ಅಂತ ನಮ್ಮ ಜೊತೆ ಸೇವೆ ಮಾಡುವವರೇ ಹೆದರಿಸಿದ್ದರು. ಹೇಳಲು ಶುರು ಮಾಡಿದ ಮೇಲೇ ಜನ ನಿರಾಳವಾಗಿ ಕೂತರು.

ಆದರೂ ಮೂರನೇ ವರ್ಷದ ನಡುವಿನವರೆಗೆ ಬರುತ್ತಿದ್ದದ್ದು ನಾಲ್ಕೇ ಜನ. ಬಂದವರು ಅತಿಥಿಗಳ ಹಾಗೆ ಸೋಫಾದ ತುದಿಯಲ್ಲಿ ಕೂರುತ್ತಿದ್ದರು, ಥ್ಯಾಂಕ್ಸ್ ಹೇಳಿ ಒಂಬತ್ತು ಗಂಟೆಗೆ ಎದ್ದು ಹೋಗುತ್ತಿದ್ದರು.

ತಿರುವು ಬಂದದ್ದು ಒಂದು ಪೈಪಿನಿಂದ. ನಮ್ಮ ಯಜಮಾನರು ಊರಲ್ಲಿ ಇರಲಿಲ್ಲ. ರಾತ್ರಿ ಅಡುಗೆಮನೆ ಸಿಂಕ್ ಕೆಳಗಿನ ಪೈಪ್ ಬಿಟ್ಟುಕೊಂಡು ನೆಲವೆಲ್ಲ ನೀರು. ಮೇನ್ ವಾಲ್ವ್ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಮಕ್ಕಳು ಅಳುತ್ತಿದ್ದರು. ಕೈಗೆ ಸಿಕ್ಕ ನಂಬರಿಗೆ ಫೋನ್ ಮಾಡಿದೆ. ಅದು ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗನದು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಹತ್ತು ಮಾತು ಆಡಿದ್ದರೆ ಜಾಸ್ತಿ. ಅರ್ಧ ಗಂಟೆಯಲ್ಲಿ ಇಬ್ಬರು ಗೆಳೆಯರ ಜೊತೆ ಸೈಕಲ್ ತುಳಿದುಕೊಂಡು ಬಂದ. ವಾಲ್ವ್ ಹುಡುಕಿ ನೀರು ನಿಲ್ಲಿಸಿದರು, ವಾಷರ್ ಬದಲಾಯಿಸಿದರು, ನೆಲ ಒರೆಸಿದರು. ಆಮೇಲೆ ಉಳಿದದ್ದನ್ನು ಬಿಸಿ ಮಾಡಿ ತಿಂದು ರಾತ್ರಿ ಹನ್ನೆರಡರವರೆಗೆ ಕೂತು ತಮ್ಮ ಅಮ್ಮಂದಿರ ಬಗ್ಗೆ ಮಾತಾಡಿದರು. ಮುಂದಿನ ವಾರ ಅವನು ಕರೆಯದೇ ಬಂದ. ಬಂದವನೇ ಬಗ್ಗಿ ಪೈಪ್ ನೋಡಿದ. ಅದು ಅವನ ಪೈಪ್ ಆಗಿತ್ತು.

ಯೋಹಾನನ ಸುವಾರ್ತೆ ನಾಲ್ಕನೇ ಅಧ್ಯಾಯ ನಾನು ನೂರು ಸಲ ಓದಿರಬೇಕು. ಬಾವಿಯ ಹತ್ತಿರ ಯೇಸುಸ್ವಾಮಿ ಸಮಾರ್ಯದ ಹೆಂಗಸಿಗೆ ಮೊದಲು ಬೋಧಿಸಲಿಲ್ಲ. ಕುಡಿಯಲು ನೀರು ಕೊಡು ಅಂತ ಕೇಳಿದರು. ಆ ರಾತ್ರಿ ಒದ್ದೆ ನೆಲದ ಮೇಲೆ ನಿಂತು ನನಗೆ ಅದು ಮೊದಲ ಸಲ ಕಾಣಿಸಿತು. ನಾವು ಮೂರು ವರ್ಷ ಬರೀ ಕೊಡುತ್ತಲೇ ಇದ್ದೆವು. ತಮ್ಮ ದೇಶದಲ್ಲಿ ತರಗತಿಗೇ ಮೊದಲಿಗರಾಗಿದ್ದವರು, ಮನೆಗೆ ಹಿರಿಮಗ ಆಗಿದ್ದವರು, ನಮ್ಮ ಮನೆಯಲ್ಲಿ ಬರೀ ಕೈಚಾಚುವವರು ಆಗಿಬಿಟ್ಟಿದ್ದರು.

ಅಲ್ಲಿಂದ ನಮ್ಮ ಕ್ರಮ ಬದಲಾಯಿತು. ಯಾರೇ ಹೊಸಬರು ಬಂದರೂ ಮೂರನೇ ಭೇಟಿಯ ಒಳಗೆ ಅವರಿಂದ ಒಂದು ಸಹಾಯ ಕೇಳುತ್ತೇವೆ. ನಿಜವಾಗಿ ಬೇಕಾದದ್ದೇ ಆಗಿರಬೇಕು. ಸುಮ್ನೆ ಕೇಳಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಮಗಳ ಗಣಿತ ಹೀಗೇ ದಾರಿಗೆ ಬಂತು. ಮೂರು ದೇಶದವರು ಅವಳಿಗೆ ಭಿನ್ನರಾಶಿ ಕಲಿಸಿದ್ದಾರೆ, ಮೂವರದೂ ಬೇರೆ ಬೇರೆ ವಿಧಾನ.

ಇನ್ನು ವಿದ್ಯಾರ್ಥಿಗಳಿಗೆ ವಾರಕ್ಕೊಮ್ಮೆ ಮನೆಯಲ್ಲಿ ಹಾಕುವ ಊಟದ ದಿನ. ನಮ್ಮದು ಗುರುವಾರ, ಸಂಜೆ ಆರೂವರೆ. ವರ್ಷಪೂರ್ತಿ, ಪರೀಕ್ಷೆ ಇರಲಿ, ರಜೆ ಇರಲಿ. ಪೋಸ್ಟರ್ ಇಲ್ಲ, ಆಹ್ವಾನ ಇಲ್ಲ. ಗುರುವಾರವನ್ನು ಲೆಕ್ಕ ಹಾಕಿಯೇ ಆರಿಸಿದೆವು. ಶುಕ್ರವಾರ ಮುಸ್ಲಿಂ ಹುಡುಗರಿಗೆ ಜುಮಾ ನಮಾಜ್. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ ಮತ್ತು ಶುಕ್ರವಾರ ಉಪವಾಸ. ಆ ದಿನ ಮಾಂಸ, ಹಾಲು, ಮೊಟ್ಟೆ ಯಾವುದೂ ಮುಟ್ಟುವಂತಿಲ್ಲ. ಮೊದಲು ನಾನು ಹಲಾಲ್ ಒಂದು ಪಾತ್ರೆ, ಸಸ್ಯಾಹಾರಿ ಒಂದು ಪಾತ್ರೆ, ಇನ್ನೊಂದು ಬೇರೆ ಅಂತ ಮೂರು ಅಡುಗೆ ಮಾಡಿ ಸುಸ್ತಾಗುತ್ತಿದ್ದೆ. ಈಗ ಒಂದೇ ದೊಡ್ಡ ಪಾತ್ರೆ, ಮಾಂಸ ಇಲ್ಲ, ಹಾಲು ಇಲ್ಲ, ಮೊಟ್ಟೆ ಇಲ್ಲ. ಅದನ್ನು ಎಲ್ಲರೂ ತಿನ್ನಬಹುದು. ಖರ್ಚೂ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ರಂಜಾನ್ ತಿಂಗಳಲ್ಲಿ ಮಾತ್ರ ಆರೂವರೆ ಬಿಟ್ಟು ಸೂರ್ಯ ಮುಳುಗುವ ಹೊತ್ತಿಗೆ ಬಡಿಸುತ್ತೇವೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, ಹಾಗಾಗಿ ವರ್ಷದ ಶುರುವಿನಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕ್ರಿಸ್‌ಮಸ್ ನಮ್ಮ ಮನೆಯಲ್ಲಿ ಎರಡು ಸಲ. ಡಿಸೆಂಬರ್ 25ರ ಊಟಕ್ಕೆ ಬಂದ ಇಥಿಯೋಪಿಯಾದ ಹುಡುಗಿ ತಟ್ಟೆ ಮುಂದೆ ಸುಮ್ಮನೆ ಕೂತಿದ್ದಳು. ಕೇಳಿದರೆ, ಅವರಿಗೆ ಹಬ್ಬ ಜನವರಿ 7ಕ್ಕೆ, ಅಲ್ಲಿಯವರೆಗೆ ಉಪವಾಸ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಿಗೂ ಅದೇ ದಿನ. ಆ ವರ್ಷದಿಂದ ಜನವರಿ 7ನ್ನೂ ಮಾಡುತ್ತೇವೆ.

ಹಣದ ವಿಷಯ. ನಮ್ಮ ತಿಂಗಳ ಆದಾಯದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಈ ಮೇಜಿಗೆ ಹೋಗುತ್ತದೆ. ಸಾಲ ಮಾತ್ರ ಕೊಡಬೇಡಿ. ನಾವು ಒಬ್ಬನಿಗೆ ಫೀಸ್ ಕಟ್ಟಲು ದೊಡ್ಡ ಮೊತ್ತ ಸಾಲ ಕೊಟ್ಟೆವು. ಅವನಿಗೆ ತೀರಿಸಲು ಆಗಲಿಲ್ಲ. ನಾಚಿಕೆಯಿಂದ ಮನೆಗೆ ಬರುವುದನ್ನೇ ಬಿಟ್ಟ. ಹಣ ಹೋಯಿತು, ಹುಡುಗನೂ ಹೋದ. ಹಣಕ್ಕಿಂತ ಅವನು ಹೋದದ್ದು ಇವತ್ತಿಗೂ ನೋವು. ಈಗ ಕೈಲಾದಷ್ಟು ಸುಮ್ನೆ ಕೊಟ್ಟುಬಿಡುತ್ತೇವೆ, ವಾಪಸ್ ಮಾತೇ ಇಲ್ಲ. ಅದಕ್ಕೆ ಒಂದು ಮಿತಿ ಇದೆ, ಆ ಮಿತಿ ದಾಟಿದರೆ ಇಲ್ಲ ಅನ್ನುತ್ತೇವೆ.

ಬೆಂಬಲ ಹೋದದ್ದು ಫೋಟೋ ವಿಷಯದಲ್ಲಿ. ಬೈಬಲ್ ಓದುತ್ತಿರುವ ಒಂದು ಫೋಟೋ ಹೊರಗೆ ಹೋದರೆ, ಕೆಲವು ದೇಶದ ವಿದ್ಯಾರ್ಥಿಗಳಿಗೆ ಊರಿನಲ್ಲಿ ಮನೆಯವರಿಂದಲೋ ಸರ್ಕಾರದಿಂದಲೋ ತೊಂದರೆ ಆಗಬಹುದು. ನಾಲ್ಕನೇ ವರ್ಷದಿಂದ ಪತ್ರದಲ್ಲಿ ಮುಖ ಇಲ್ಲ, ಹೆಸರು ಇಲ್ಲ, ದೇಶವೂ ಇಲ್ಲ ಅಂತ ತೀರ್ಮಾನ ಮಾಡಿದೆವು. ವರ್ಷದೊಳಗೆ ಎರಡು ಸಭೆಗಳು ಕಾಣಿಕೆ ನಿಲ್ಲಿಸಿದವು, ಬೆಂಬಲದಲ್ಲಿ ಕಾಲು ಭಾಗ ಕಡಿಮೆಯಾಯಿತು. ತಮ್ಮ ದೇಶ ಬಿಟ್ಟು ಓದಲು ಹೋಗುವವರು ಲೋಕದಲ್ಲಿ 60 ಲಕ್ಷಕ್ಕೂ ಜಾಸ್ತಿ, ನೀವು ಹದಿನಾಲ್ಕು ಜನಕ್ಕೆ ಊಟ ಹಾಕಿ ಏನು ಸಾಧಿಸುತ್ತೀರಿ ಅಂತ ಒಬ್ಬರು ಬರೆದರು. ಯಜಮಾನರು ವಾರಕ್ಕೆ ಮೂರು ರಾತ್ರಿ ಲೆಕ್ಕ ಬರೆಯುವ ಕೆಲಸ ಹಿಡಿದರು. ನಾಲ್ಕು ವರ್ಷ ಹಾಗೇ ನಡೆಸಿದೆವು.

ಸೂಟ್‌ಕೇಸ್ ಶುರುವಾದದ್ದೂ ಆಗಲೇ. ದೊಡ್ಡ ರಜೆಯಲ್ಲಿ ಹಾಸ್ಟೆಲ್ ಕೋಣೆ ಖಾಲಿ ಮಾಡಬೇಕು, ಸಾಮಾನು ಇಡಲು ಜಾಗವಿಲ್ಲ. ಗೋದಾಮಿನ ಬಾಡಿಗೆ ಅವರ ಕೈಗೆ ಎಟುಕಲ್ಲ. ನಮ್ಮ ಶೆಡ್ಡಿನ ಹಳೆ ಸಾಮಾನು ಎಲ್ಲ ಎಸೆದು, ನೆಲಕ್ಕೆ ಹಲಗೆ ಹಾಕಿ, ಬಾಗಿಲು ತೆರೆದೆವು. ಸಾಮಾನು ತಗೊಳ್ಳಲು ಎಲ್ಲರೂ ವಾಪಸ್ ಬರಲೇಬೇಕು, ಬಂದವರು ಊಟಕ್ಕೆ ಕೂರುತ್ತಾರೆ, ಜೊತೆಗೆ ಬಂದ ಹೊಸ ಗೆಳೆಯನೂ ಕೂರುತ್ತಾನೆ. 60 ಜನರ ಕೂಟದಿಂದ ಆಗದ್ದು ಒಂದು ಶೆಡ್ಡಿನಿಂದ ಆಯಿತು. ಹೊಸಬರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈ ದಾರಿಯಲ್ಲೇ ಬಂದವರು.

ಬೇರೆ ಪ್ರಯೋಗಗಳೂ ನಡೆದವು. ಸೈಕಲ್ ರಿಪೇರಿ ಸಂಜೆ ಚೆನ್ನಾಗಿ ಹೋಯಿತು. ಪ್ರಬಂಧ ತಿದ್ದಿಕೊಡುವ ಕೆಲಸ ನನ್ನ ನಿದ್ದೆ ಕೆಡಿಸಿತು, ಬಿಟ್ಟೆ. ಹೆಸರುಗಳದ್ದು ಮಾತ್ರ ನನಗೆ ತುಂಬಾ ಇಷ್ಟದ ವಿಷಯ. ಮೊದಲ ದಿನವೇ ಅವರ ಬಾಯಿಂದ ಹೆಸರು ಹೇಳಿಸಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಓದಿದರೆ ಹತ್ತಕ್ಕೆ ಏಳು ತಪ್ಪಾಗುತ್ತದೆ, ನಮ್ಮ ಅಕ್ಷರದಲ್ಲಿ ಕೇಳಿದ್ದು ಕೇಳಿದ ಹಾಗೆ ಉಳಿಯುತ್ತದೆ. ಚೀನಾದವರ ಹೆಸರಿನಲ್ಲಿ ಸ್ವರದ ಏರಿಳಿತ ಇರುತ್ತದಲ್ಲ, ಅದಕ್ಕೆ ಅಕ್ಷರದ ಮೇಲೆ ಸಣ್ಣ ಬಾಣ ಹಾಕುತ್ತೇನೆ. ಅವರಲ್ಲಿ ಮನೆತನದ ಹೆಸರು ಮೊದಲು. ಮ್ಯಾನ್ಮಾರ್‌ನ ಬರ್ಮೀಯರಲ್ಲಿ ಮನೆತನದ ಹೆಸರೇ ಇರುವುದಿಲ್ಲ, ಪೂರ್ತಿ ಹೆಸರು ಕರೆಯಬೇಕು. ಎರಡನೇ ವಾರ ಸರಿಯಾಗಿ ಕರೆದಾಗ ಅವರ ಮುಖ ನೋಡಬೇಕು ನೀವು.

ಮೊದಲ ಊಟ ಆದ ಎರಡು ದಿನದೊಳಗೆ ನಾನು ಒಂದು ಮೆಸೇಜ್ ಕಳಿಸುತ್ತೇನೆ, ಮೂರೇ ಸಾಲು. ಅದರಲ್ಲಿ ಏನಿರುತ್ತದೆ ಅಂತ ಇಲ್ಲಿ ಬರೆಯಲ್ಲ. ಎಲ್ಲರೂ ಅದೇ ಮಾತು ಕಳಿಸಲು ಶುರು ಮಾಡಿದರೆ ಅದು ಸತ್ತುಹೋಗುತ್ತದೆ.

ಭಾನುವಾರ ಲೂಕನ ಸುವಾರ್ತೆ ಓದುತ್ತೇವೆ, ವಾರಕ್ಕೆ ಒಂದು ಅಧ್ಯಾಯ, 24 ವಾರ. ಅವರವರ ಭಾಷೆಯಲ್ಲಿ, ಅವರವರ ಫೋನಿನಲ್ಲಿ. ನಾವು ವಿವರಿಸುವುದು ಕಡಿಮೆ. 15ನೇ ಅಧ್ಯಾಯ, ಅಪ್ಪನ ಆಸ್ತಿಯ ಪಾಲು ತಗೊಂಡು ದೂರದೇಶಕ್ಕೆ ಹೋಗಿ ಎಲ್ಲ ಕಳೆದುಕೊಂಡು ಮನೆಗೆ ಮರಳಿದ ಮಗನ ಕಥೆ ಓದಿದ ದಿನ ಒಬ್ಬ ಹುಡುಗ ತುಂಬಾ ಹೊತ್ತು ಫೋನ್ ನೋಡುತ್ತಲೇ ಇದ್ದ. ಆಮೇಲೆ, "ಇವನೂ ನನ್ನ ಹಾಗೆ, ಅಪ್ಪನ ದುಡ್ಡು ತಗೊಂಡು ದೂರದೇಶಕ್ಕೆ ಬಂದವನು" ಅಂದ. ಅವನು ಆ ಸೆಮಿಸ್ಟರ್‌ನಲ್ಲಿ ಫೇಲ್ ಆಗಿದ್ದ, ಮನೆಗೆ ಹೇಳಿರಲಿಲ್ಲ. ಅವತ್ತು ನಮ್ಮ ಹಿಂದಿನ ಕೋಣೆಯಿಂದಲೇ ಅಪ್ಪನಿಗೆ ಫೋನ್ ಮಾಡಿದ. ಬಾಗಿಲ ಹೊರಗೆ ನಾವಿಬ್ಬರೂ ಪ್ರಾರ್ಥನೆ ಮಾಡುತ್ತಾ ನಿಂತಿದ್ದೆವು. ಅರ್ಧ ಗಂಟೆ ಆದ ಮೇಲೆ ಹೊರಗೆ ಬಂದು, "ಅಪ್ಪ ಬೈಯಲಿಲ್ಲ" ಅಂದ.

ಮಕ್ಕಳ ಬಗ್ಗೆ ಹೇಳದೇ ಇದ್ದರೆ ಇದು ಅರ್ಧ ಸುಳ್ಳಾಗುತ್ತದೆ. ಮಗಳಿಗೆ 11 ವರ್ಷವಾದಾಗ ತನ್ನ ಕೋಣೆಗೆ ಬೀಗ ಕೇಳಿದಳು. ಹಾಕಿಸಿಕೊಟ್ಟೆವು. ಗುರುವಾರವೂ ಆ ಕೋಣೆಗೆ ಯಾರೂ ಹೋಗುವಂತಿಲ್ಲ, ಸೋಮವಾರ ಸಂಜೆ ಮನೆಗೆ ಯಾರೂ ಬರುವಂತಿಲ್ಲ. ಮಗನ ನೋವು ಬೇರೆ. ಎರಡು ವರ್ಷ ಅಣ್ಣ ಅಣ್ಣ ಅಂತ ಅವನು ಯಾರ ಹಿಂದೆ ಸುತ್ತಿದ್ದನೋ ಆ ವಿದ್ಯಾರ್ಥಿ ಪದವಿ ಮುಗಿಸಿ ಹೊರಟಾಗ, ಆರು ವರ್ಷದ ಮಗ ಗೇಟಿನಲ್ಲಿ ನಿಂತು, "ಅಮ್ಮಾ, ಇನ್ಮೇಲೆ ನಾನು ಯಾರ ಹೆಸರೂ ಕಲಿಯಲ್ಲ" ಅಂದ. ಆ ರಾತ್ರಿ ನಾವಿಬ್ಬರೂ ಈ ಸೇವೆ ಬಿಡೋಣ ಅಂತಲೇ ಮಾತಾಡಿದೆವು.

ದಾರಿ ತೋರಿಸಿದ್ದು ಸೂಟ್‌ಕೇಸ್‌ಗಳೇ. ಪ್ರತಿಯೊಂದಕ್ಕೂ ಒಂದು ರಟ್ಟಿನ ಚೀಟಿ ಕಟ್ಟುತ್ತೇವೆ, ಅದರ ಮೇಲೆ ಅವರದೇ ಲಿಪಿಯಲ್ಲಿ ಹೆಸರು. ಕೊನೆಯ ಸಲ ಸಾಮಾನು ಒಯ್ಯುವಾಗ ಮಗನೇ ದಾರ ಕತ್ತರಿಸಿ ಚೀಟಿಯನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತಾನೆ. ಹೋಗುವವರು ಅದರ ಹಿಂದೆ ಅವನಿಗೆ ಒಂದು ಸಾಲು ಬರೆಯುತ್ತಾರೆ. ಶೆಡ್ಡಿನ ಮೊಳೆಯಲ್ಲಿ ಈಗ ಅಂಥ ಚೀಟಿಗಳ ಉದ್ದ ಮಾಲೆ ಇದೆ. ಅದರಲ್ಲಿ ಯಾವುದು ಯಾರದು ಅಂತ ಅವನು ಓದದೇ ಹೇಳುತ್ತಾನೆ.

ನಂಬರ್ ಕೇಳುವವರಿಗೆ ಹೇಳುತ್ತೇನೆ. ನೆನಪಿನ ಲೆಕ್ಕ, ಹತ್ತಿಪ್ಪತ್ತು ಆಚೀಚೆ. ಈ 9 ವರ್ಷದಲ್ಲಿ ನಮ್ಮ ಮೇಜಿನಲ್ಲಿ 300 ಜನ ಕೂತಿರಬೇಕು. ಈಗ ಗುರುವಾರ 16ರಿಂದ 20 ಜನ. ಲೂಕನ ಸುವಾರ್ತೆ ಪೂರ್ತಿ ಓದಿದವರು 35ರ ಹತ್ತಿರ. ಯೇಸುಸ್ವಾಮಿಯನ್ನು ನಂಬಿ ದೀಕ್ಷಾಸ್ನಾನ ತಗೊಂಡವರು ಆರು ಜನ. ನಂಬದೇ ಇದ್ದವರೂ ಮಕ್ಕಳ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತಾರೆ. ಕಾಣಿಕೆ ನಿಲ್ಲಿಸಿದ್ದ ಎರಡು ಸಭೆಗಳಲ್ಲಿ ಒಂದು ಕಳೆದ ವರ್ಷ ಮತ್ತೆ ಶುರು ಮಾಡಿತು, ಫೋಟೋ ಕೇಳದೆ. ಅವತ್ತು ಶೆಡ್ಡಿನ ಬಾಗಿಲಲ್ಲಿ ಪ್ರಶ್ನೆ ಕೇಳಿದ ಹಿರಿಯರು ಈ ಸಲ ಬಂದವರು ಮೂರು ಸೂಟ್‌ಕೇಸ್ ತಾವೇ ಎತ್ತಿ ಒಳಗಿಟ್ಟರು. ಹಲಗೆ ತುಂಬಿತು, ಅಟ್ಟ ಕಟ್ಟಿಸಿ ಅಂತ ಹೇಳಿ ಹೋದರು. ಪೈಪ್ ರಿಪೇರಿ ಮಾಡಿದ್ದ ಹುಡುಗ ಈಗ ತನ್ನ ದೇಶದಲ್ಲಿ ಮೇಷ್ಟ್ರು. ಅಟ್ಟಕ್ಕೆ ಎಷ್ಟು ಭಾರ ಹಾಕಬಹುದು ಅಂತ ಅವನನ್ನೇ ಕೇಳಿದ್ದೇನೆ. ಶೆಡ್ಡಿನ ಅಳತೆ ಕಳಿಸಿ ಆಂಟಿ, ಚಿತ್ರ ಬರೆದು ಕೊಡುತ್ತೇನೆ ಅಂದಿದ್ದಾನೆ.