ತುಕ್ಕು ಹಚ್ಚುವ ಕೆಲಸ

ಮೊದಲ ಗೋಡೆ ಅರ್ಧ ಗಂಟೆಯಲ್ಲಿ ಸುಟ್ಟ ಹಪ್ಪಳದ ಹಾಗೆ ಮುದುಡಿಕೊಂಡಿತು. ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ, ಹೊರಗೆ 43 ಡಿಗ್ರಿ. ಆ ಹೊತ್ತಿನಲ್ಲಿ ಕಲಬುರಗಿಯ ಅಂಗಡಿಗಳಿಗೆ ನೊಣವೂ ಬರುವುದಿಲ್ಲ. ರಟ್ಟಿಗಿಂತ ಸ್ವಲ್ಪ ದಪ್ಪವಿದ್ದ ಮರದ ಹಾಳೆಯ ಒಂದು ಮುಖಕ್ಕೆ ನೀರಿನಲ್ಲಿ ಕಲಸಿದ ಬೂದು ಬಣ್ಣ ಹಚ್ಚಿ, ಬೇಗ ಒಣಗಲಿ ಎಂದು ಫ್ಯಾನಿನ ಕೆಳಗಿಟ್ಟು, ಬೆಳಿಗ್ಗೆ ಬಂದಿದ್ದ ಗಡಿಯಾರವೊಂದಕ್ಕೆ ಸೆಲ್ ಹಾಕಲು ತಿರುಗಿದ್ದೆ. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಅಮೆರಿಕದ ಹಳ್ಳಿಯೊಂದರ ಸರಕಿನ ಗೋದಾಮಿನ ಉತ್ತರ ಗೋಡೆ ದೋಣಿಯಾಗಿತ್ತು.

ನನ್ನ ಕಸುಬು ಗಡಿಯಾರ ರಿಪೇರಿ. ಸೂಪರ್ ಮಾರ್ಕೆಟ್ ಬದಿಯ ಓಣಿಯಲ್ಲಿ ಮೂವತ್ತು ವರ್ಷದಿಂದ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಿದ್ದೇನೆ. ತಂದೆ ವಾಡಿ ಜಂಕ್ಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದರು. ಮುಂಬೈ–ಮದ್ರಾಸ್ ದಾರಿಗೆ ನಿಜಾಮರ ಸಿಕಂದರಾಬಾದ್ ದಾರಿ 1874ರಲ್ಲಿ ಬಂದು ಕೂಡಿಕೊಂಡ ಊರು ಅದು. ಶಾಲೆ ಬಿಟ್ಟ ಮೇಲೆ ನನ್ನ ಆಟವೆಲ್ಲ ಗೋಣಿಚೀಲಗಳ ಮೇಲೆ. ದೊಡ್ಡವನಾದ ಮೇಲೆ ಒಮ್ಮೆ ಪುಣೆಗೆ ಹೋದಾಗ ಕೊತ್ರೂಡಿನ ಜೋಶಿಯವರ ಪುಟಾಣಿ ರೈಲು ಮ್ಯೂಸಿಯಂ ನೋಡಿದೆ. ಪ್ರದರ್ಶನ ಮುಗಿದ ಮೇಲೂ ಎದ್ದು ಬರಲು ಮನಸ್ಸಾಗಲಿಲ್ಲ. ಈ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೆನೋ, ಅಮೆರಿಕದಲ್ಲಿರುವ ಅಕ್ಕನ ಮಗ ರಜೆಗೆ ಬಂದಾಗ ಪುಟಾಣಿ ರೈಲಿನ ಗೋದಾಮನ್ನು ನಾವೇ ಜೋಡಿಸಿ ಕಟ್ಟುವ ಪೆಟ್ಟಿಗೆಯೊಂದನ್ನು ಕೈಗಿತ್ತು, "ಮಾಮಾ, ಇನ್ನು ಮಾತು ಸಾಕು" ಎಂದ.

ಪೆಟ್ಟಿಗೆಯಲ್ಲಿ ಗೋದಾಮು ಇರಲಿಲ್ಲ, ಕಟ್ಟಿಗೆ ಇತ್ತು. ಲೇಸರಿನಿಂದ ಕೊರೆದ ಬಾಸ್‌ವುಡ್ ಎಂಬ ಮೆತ್ತನೆಯ ಮರದ ಹಾಳೆಗಳು, ಊದುಬತ್ತಿ ಕಡ್ಡಿಗಿಂತ ಸಣ್ಣ ಪಟ್ಟಿಗಳು, ಹೆಂಚಿನ ಬದಲಿಗೆ ಕಾಗದದ ಪಟ್ಟಿ, ಒಂದು ಪೊಟ್ಟಣದಲ್ಲಿ ಬಿಳಿ ಲೋಹದ ಪೀಪಾಯಿ, ಚಿಮಣಿ, ತೂಕದ ಯಂತ್ರ, ಜೊತೆಗೆ ಹದಿನಾರು ಪುಟದ ಸೂಚನೆ. ಎಚ್‌ಒ ಅಳತೆ, ಅಂದರೆ ನಿಜದ 87ನೆಯ ಒಂದು ಪಾಲು. ಅಲ್ಲಿ ಒಂದು ಅಡಿ ಎಂದರೆ ಮೂರೂವರೆ ಮಿಲಿಮೀಟರ್. ಏಳು ಅಡಿಯ ಬಾಗಿಲು ಇಪ್ಪತ್ತೈದು ಮಿಲಿಮೀಟರಿಗೂ ಸಾಲದು. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ತೊಗರಿ ಕಾಳು ಆ ಗೋದಾಮಿನ ಅಂಗಳದಲ್ಲಿ ಬಿದ್ದರೆ ಒಂದೂವರೆ ಅಡಿ ಎತ್ತರದ ಬಂಡೆ. ಕೈಗಡಿಯಾರ ಬಿಚ್ಚಿ ಕಟ್ಟುವವನಿಗೆ ಇದು ಯಾವ ಲೆಕ್ಕ ಎಂಬ ಅಹಂಕಾರದಲ್ಲಿ ಸೂಚನೆಯ ಮೊದಲ ಮೂರು ಪುಟಗಳನ್ನು ಓದದೆ ಮಗುಚಿದೆ. ಗೋಡೆಗಳನ್ನು ಡೊಂಕಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಎರಡನೆಯ ಪುಟದಲ್ಲಿಯೇ ಇತ್ತು.

ಲೋಹದ ಜೊತೆ ಬಾಳಿದವನಿಗೆ ಮರ ನೀರು ಕುಡಿಯುತ್ತದೆ ಎಂಬುದು ನೆನಪಿಗೇ ಬರುವುದಿಲ್ಲ. ಒಂದೇ ಮುಖಕ್ಕೆ ನೀರಿನ ಬಣ್ಣ ಹಚ್ಚಿದರೆ ಆ ಮುಖ ಹಿಗ್ಗುತ್ತದೆ, ಒಣಗುವಾಗ ಬಣ್ಣದ ಪದರವೂ ಸೇರಿ ಅದನ್ನು ಒಳಕ್ಕೆ ಎಳೆಯುತ್ತದೆ. ಎರಡೂ ಮುಖಕ್ಕೆ ಹಚ್ಚಿದ್ದರೆ ಜಗಳ ಸಮನಾಗುತ್ತಿತ್ತು. ಬಾಗಿದ ಗೋಡೆಯನ್ನು ಉಳಿಸಿದ್ದು ಶಹಾಬಾದಿನ ಕಲ್ಲು. ಬಣ್ಣವಿಲ್ಲದ ಬೆನ್ನನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಸವರಿ, ಹಳೆಯ ಪತ್ರಿಕೆಗಳ ನಡುವೆ ಇಟ್ಟು, ಮನೆ ಕಟ್ಟಿದಾಗ ಉಳಿದಿದ್ದ ಎರಡು ಫರಸಿ ತುಂಡುಗಳ ನಡುವೆ ಎರಡು ದಿನ ಅದುಮಿಟ್ಟೆ. ಫರಸಿಯ ಮೈ ನಯ, ಸಮತಟ್ಟು, ತೂಕವೂ ಭರ್ತಿ. ಅಮೆರಿಕದವರು ಇದಕ್ಕೆಂದೇ ಉಕ್ಕಿನ ಇಟ್ಟಿಗೆ ಕೊಳ್ಳುತ್ತಾರಂತೆ. ನಮ್ಮ ಜಿಲ್ಲೆಯಲ್ಲಿ ಬಚ್ಚಲಿಗೆ ಹಾಸುವ ಕಲ್ಲೇ ಸಾಕು. ಗೋಡೆ ನೂರಕ್ಕೆ ತೊಂಬತ್ತು ಪಾಲು ಸರಿಹೋಯಿತು. ಉಳಿದ ಹತ್ತು ಪಾಲನ್ನು ಆಸರೆಪಟ್ಟಿ ಸರಿ ಮಾಡಿತು.

ಆಸರೆಪಟ್ಟಿ ಎಂದರೆ ಗೋಡೆಯ ಒಳಮೈಗೆ ಅಂಟಿಸುವ ಮೂರು ಮಿಲಿಮೀಟರ್ ಚೌಕದ ಕಡ್ಡಿ. ಮೂಲೆಗಳ ಬಳಿ ಉದ್ದಕ್ಕೆ, ಮೇಲೆ ಕೆಳಗೆ ಅಡ್ಡಕ್ಕೆ, ಕಿಟಕಿ ಬಾಗಿಲಿಗೆ ಅಡ್ಡ ಬರದಂತೆ. ಯಾರ ಕಣ್ಣಿಗೂ ಬೀಳದ ಈ ಕೆಲಸಕ್ಕೆ ನಾನು ಒಂದು ವಾರ ಕೊಟ್ಟೆ. ಮಿಕ್ಕ ಮೂರು ಗೋಡೆಗಳಿಗೆ ನೀರು ಮುಟ್ಟಿಸಲೇ ಇಲ್ಲ. ಕಪ್ಪು ಇಂಡಿಯನ್ ಶಾಯಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬೆರೆಸಿ ಹಚ್ಚಿದೆ. ಕಾಲು ಲೀಟರಿಗೆ ಒಂದು ಚಿಕ್ಕ ಚಮಚ ಶಾಯಿ ಸಾಕು. ಆ ಆಲ್ಕೊಹಾಲು ಎಲ್ಲಿ ಸಿಗುತ್ತದೆ ಎಂದು ಹುಡುಕಬೇಕಿಲ್ಲ, ಮೊಬೈಲ್ ರಿಪೇರಿಯವರ ಬಳಿ ಇರುತ್ತದೆ. ಅದು ಬೇಗ ಆರುವುದರಿಂದ ಮರ ಕುಡಿಯುವಷ್ಟರಲ್ಲಿ ಹಾರಿಹೋಗುತ್ತದೆ. ಹೊಸ ಹಲಗೆ ಹತ್ತು ಮಳೆಗಾಲ ಕಂಡ ಹಾಗೆ ಬೂದಾಗುತ್ತದೆ. ಒಂದು ಎಚ್ಚರಿಕೆ: ಶಾಯಿ ಮೊದಲು, ಅಂಟು ಆಮೇಲೆ. ಅಂಟು ತಾಗಿದ ಜಾಗ ಶಾಯಿಯನ್ನು ಹೀರುವುದಿಲ್ಲ, ತೊನ್ನಿನ ಹಾಗೆ ಬೆಳ್ಳಗೆ ಉಳಿಯುತ್ತದೆ. ನನ್ನ ಗೋದಾಮಿನ ಪಶ್ಚಿಮದ ಮೂಲೆಯಲ್ಲಿ ಅಂಥದೊಂದು ಕಲೆ ಇದೆ. ಅದರ ಮುಂದೆ ಏಣಿ ಒರಗಿಸಿದ್ದೇನೆ.

ಮೊಳೆಯ ಗುರುತುಗಳು ನನಗೆ ಹಬ್ಬ. ಗೋಡೆಯ ಹಲಗೆಗಳನ್ನು ಒಳಗಿನ ಕಂಬಕ್ಕೆ ಹೊಡೆದಿರುತ್ತಾರಲ್ಲ, ಆ ಮೊಳೆಗಳ ತಲೆ ಎರಡು ಅಡಿಗೊಂದು, ಅಂದರೆ ಏಳು ಮಿಲಿಮೀಟರಿಗೊಂದು ಸಾಲಿನಲ್ಲಿ ಕಾಣಬೇಕು. ಹೇರ್‌ಸ್ಪ್ರಿಂಗ್ ಕೂರಿಸುವ ಹಿಡಿಗೆ ಸೂಜಿ ಸಿಕ್ಕಿಸಿ, ಪ್ರತಿ ಹಲಗೆಗೆ ಚುಚ್ಚುತ್ತ ಹೋದೆ. ಎಷ್ಟು ಸಾವಿರ ಚುಚ್ಚಿದೆನೋ ಲೆಕ್ಕವಿಲ್ಲ. ಮೂರು ಅಡಿ ದೂರದಿಂದ ನೋಡಿದರೆ ಒಂದೂ ಕಾಣುವುದಿಲ್ಲ ಎಂದು ಹೆಂಡತಿ ತೀರ್ಪು ಕೊಟ್ಟಳು. ಕಾಣಬಾರದು, ಆದರೆ ಇಲ್ಲದಿದ್ದರೆ ಗೊತ್ತಾಗುತ್ತದೆ ಎಂದೆ. ಅವಳು ಚಹಾ ಲೋಟ ತೆಗೆದುಕೊಂಡು ಒಳಗೆ ಹೋದಳು.

ಆಮೇಲೆ ಬಣ್ಣ ಕಿತ್ತುಹೋದ ಹಾಗೆ ಮಾಡುವುದು. ಶಾಯಿ ಹಿಡಿದ ಗೋಡೆಯ ಮೇಲೆ ಕೆಂಗಂದು ಬಣ್ಣವನ್ನು ತೆಳ್ಳಗೆ ಸವರಿ, ಅರ್ಧ ಆರಿದಾಗ ಸೆಲೊ ಟೇಪ್ ಒತ್ತಿ ಎಳೆಯಬೇಕು. ಅಲ್ಲಲ್ಲಿ ಬಣ್ಣ ಎದ್ದು ಕೆಳಗಿನ ಬೂದು ಮರ ಕಾಣುತ್ತದೆ. ಹತ್ತು ನಿಮಿಷ ಕಾಯಿರಿ ಎನ್ನುತ್ತದೆ ಸೂಚನೆ. ಅದನ್ನು ಬರೆದವರು ಕಿಟಕಿಯಾಚೆ ಹಿಮ ನೋಡುತ್ತ ಬರೆದಿರಬೇಕು. ನಮ್ಮ ಬಿಸಿಲಿನಲ್ಲಿ ಎರಡೇ ನಿಮಿಷಕ್ಕೆ ಬಣ್ಣ ಕಲ್ಲಾಗುತ್ತದೆ, ಟೇಪು ಬರಿಗೈಯಲ್ಲಿ ವಾಪಸಾಗುತ್ತದೆ. ಕೂಲರ್ ಹಾಕೋಣವೆಂದರೆ ಅದು ಊದುವುದೇ ತೇವದ ಗಾಳಿ, ಮರ ಮತ್ತೆ ಕುಡಿಯಲು ಕೂರುತ್ತದೆ. ಕಡೆಗೆ ಬೆಳಗಿನ ಐದು ಗಂಟೆಗೆ ಎದ್ದು, ಮನೆಯ ಮಾಳಿಗೆಯಲ್ಲಿ ಕುಳಿತು ಗೋಡೆಗೊಂದು ಬೆಳಿಗ್ಗೆಯಂತೆ ನಾಲ್ಕು ದಿನದಲ್ಲಿ ಮುಗಿಸಿದೆ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ನಾಲ್ಕು ದಿನ ಅವು.

ಕಿಟಕಿಗಳ ವಿಷಯ ಹೆಚ್ಚೇನಿಲ್ಲ. ಗಾಜಿನ ಬದಲಿಗೆ ಹಾಕುವ ಪಾರದರ್ಶಕ ಹಾಳೆಗೆ ಸೂಪರ್‌ಗ್ಲೂ ಮುಟ್ಟಿಸಬಾರದು, ಅದರ ಆವಿಯಿಂದ ಹಾಳೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಗಡಿಯಾರದ ಗಾಜು ಕೂರಿಸಿದವನಿಗೆ ಇದು ಹಳೆಯ ಪಾಠ. ಫೆವಿಕಾಲಿನ ಸಣ್ಣ ಚುಕ್ಕೆ ಸಾಕು. ಗೋಡೆ ನಿಲ್ಲಿಸುವಾಗ ಬಡಗಿಯ ಮೂಲೆಮಟ್ಟವನ್ನು ಎರವಲು ತಂದೆ. ಸೂರನ್ನು ಕೆಳಗಿನ ಅಂಚಿನಿಂದ ಮೇಲಕ್ಕೆ, ಒಂದು ಸಾಲು ಇನ್ನೊಂದರ ಮೇಲೆ ಏರುವಂತೆ, ಸಂದುಗಳು ಒಂದರ ಕೆಳಗೊಂದು ಬೀಳದಂತೆ ಹೊದಿಸಿದೆ. ನೀರು ಹರಿಯುವ ದಿಕ್ಕು ತಿಳಿದವರಿಗೆ ಸೂಚನೆ ಬೇಡ.

ಕಷ್ಟವಾದದ್ದು ಕೆಡಿಸುವುದು. ಮೂವತ್ತು ವರ್ಷ ನಾನು ತಿಂದ ಅನ್ನ ತುಕ್ಕು ತೆಗೆದದ್ದಕ್ಕೆ ಸಿಕ್ಕಿದ್ದು. ಬೆವರು ಹಿಡಿದ ಎಚ್‌ಎಂಟಿ ಜನತಾ ಬಿಚ್ಚಿ, ಹಲ್ಲು ಹಲ್ಲು ತೊಳೆದು, ಹೊಳೆಯುವಂತೆ ಮಾಡಿ ಕೊಟ್ಟರೆ ಗಿರಾಕಿಗೆ ಸಂತೋಷ. ಈಗ ಅದೇ ಕೈ ನೇರವಾಗಿ ಕತ್ತರಿಸಿದ ಹಲಗೆಯ ತುದಿ ಸೀಳಬೇಕು, ಹೊಸ ಚಿಮಣಿಗೆ ತುಕ್ಕು ಹಚ್ಚಬೇಕು. ಮೊದಲ ಸಲ ಚಿಮಣಿಯ ಮೇಲೆ ಕೆಂಪು ಪುಡಿ ಉದುರಿಸಿ ತಕ್ಷಣ ಬಟ್ಟೆ ತೆಗೆದುಕೊಂಡು ಒರೆಸಿಬಿಟ್ಟೆ. ಕೈಗೆ ಬೇರೆ ಏನೂ ಗೊತ್ತಿರಲಿಲ್ಲ.

ಆಗ ನೆನಪಾದದ್ದು ಬೀದರಿನ ಬಿದರಿ ಕೆಲಸ. ಸತುವಿನ ಮಿಶ್ರಲೋಹದ ಹೂಜಿಯಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜುತ್ತಾರೆ. ಸತು ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಪ್ಪು ಮಾಡುವುದೂ ಒಂದು ಹೊಳಪು ಕೊಡುವ ವಿದ್ಯೆಯೇ ಎಂದು ನಮ್ಮ ಪಕ್ಕದ ಜಿಲ್ಲೆಯವರು ನೂರಾರು ವರ್ಷದಿಂದ ತೋರಿಸುತ್ತಿರುವಾಗ ನನಗೇಕೆ ಸಂಕೋಚ? ಆ ಮಣ್ಣಿನ ವಿದ್ಯೆ ನನ್ನ ಪೀಪಾಯಿಗಳಿಗೆ ನಡೆಯುವುದಿಲ್ಲ, ಅವು ಹೆಚ್ಚಾಗಿ ತವರ. ಅವಕ್ಕೆ ಮಂಕು ಕಪ್ಪು ಬಣ್ಣ ಹಚ್ಚಿ, ಬಹುತೇಕ ಒರೆಸಿಹಾಕಿದ ಕುಂಚದಿಂದ ಅಂಚುಗಳಿಗೆ ಮಾತ್ರ ತಿಳಿ ಬೂದು ತಾಗಿಸಿದೆ. ಆದರೆ ತುಕ್ಕಿನ ಪುಡಿ ಮಾತ್ರ ಬೀದರಿನದೇ. ಅಲ್ಲಿಗೆ ಮದುವೆಗೆ ಹೋದಾಗ ರಸ್ತೆ ಬದಿಯಿಂದ ಒಂದು ಹಿಡಿ ಜಂಬಿಟ್ಟಿಗೆ ಪುಡಿ ತಂದು, ಕುಟ್ಟಿ, ಮಸ್ಲಿನ್ ಬಟ್ಟೆಯಲ್ಲಿ ಸೋಸಿಟ್ಟುಕೊಂಡೆ. ಕಬ್ಬಿಣದ ಅಂಶವಿರುವ ಕಲ್ಲು, ಅದರ ಕೆಂಪೇ ತುಕ್ಕಿನ ಕೆಂಪು. ಅಂಗಡಿಯ ಯಾವ ಬಣ್ಣವೂ ಅದರ ಹತ್ತಿರ ಸುಳಿಯುವುದಿಲ್ಲ.

ಮಾದರಿ ರೈಲುಗಳೆಲ್ಲ ಶೋಕೇಸಿನ ಬೊಂಬೆಗಳಂತೆ ಹೊಳೆಯುತ್ತಿದ್ದ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಆಲೆನ್ ಎಂಬಾತ ತನ್ನ ಎಂಜಿನ್ನು, ಕಟ್ಟಡಗಳಿಗೆಲ್ಲ ಮಸಿ, ಧೂಳು, ತುಕ್ಕು ಹಚ್ಚಿ ಹೆಸರಾದ. 1973ರ ಜನವರಿಯಲ್ಲಿ ಆತ ತೀರಿಕೊಂಡ. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ನೆಲಮಾಳಿಗೆಯಲ್ಲಿದ್ದ ಅವನ ರೈಲುದಾರಿಯೂ ಸುಟ್ಟುಹೋಯಿತು. ಅಕ್ಕನ ಮಗ ಇದನ್ನು ಹೇಳಿದ ರಾತ್ರಿ ನಾನು ಎದ್ದು ಬಂದು ಆಲ್ಕೊಹಾಲಿನ ಬಾಟಲಿಯನ್ನು ದೇವರ ಕೋಣೆಯ ಗೋಡೆಯಿಂದ ದೂರ ಸರಿಸಿಟ್ಟೆ.

ನನ್ನ ಗೋದಾಮನ್ನು ವಾಡಿ ಎಂದು ಕರೆಯಬೇಕೆಂಬ ಆಸೆ ಇತ್ತು, ಬಿಟ್ಟುಕೊಟ್ಟೆ. ನಮ್ಮ ಕಡೆಯ ಹಳೆಯ ರೈಲು ಕಟ್ಟಡಗಳು ಕಲ್ಲಿನವು. ನೆಲ ಅಗೆದರೆ ಕಲ್ಲು ಸಿಗುವ ಊರಿನಲ್ಲಿ ಗೆದ್ದಲಿಗೆ ಊಟ ಹಾಕಲು ಮರದ ಗೋದಾಮು ಯಾರು ಕಟ್ಟುತ್ತಾರೆ? ಕಾಡಿರುವ ದೇಶದ ಬುದ್ಧಿ ಅದು. ಹಳಿಯೂ ನಮ್ಮದಲ್ಲ. ಎಚ್‌ಒ ಹಳಿಯ ಅಗಲ ಹದಿನಾರೂವರೆ ಮಿಲಿಮೀಟರ್, ನಮ್ಮ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ ಹತ್ತೊಂಬತ್ತು ದಾಟುತ್ತದೆ. ನೆಲವನ್ನಾದರೂ ನಮ್ಮದೇ ಮಾಡೋಣ ಎಂದು ಎರೆಮಣ್ಣು ಸೋಸಿ, ನೀರು ಬೆರೆಸಿದ ಫೆವಿಕಾಲ್ ಹನಿಸಿ ಹರಡಿದೆ. ಮರುದಿನ ನೋಡಿದರೆ ಏಪ್ರಿಲ್ ತಿಂಗಳ ಹೊಲ. ಅಂಗೈಯಷ್ಟು ಜಾಗದಲ್ಲಿ ಬಿರುಕಿನ ಜಾಲ. ನೀರು ಕಂಡರೆ ಉಬ್ಬಿ ಒಣಗಿದರೆ ಬಿರಿಯುವ ಮಣ್ಣು ಪ್ಲೈವುಡ್ಡಿನ ಮೇಲೂ ತನ್ನ ಜಾತಿ ಬಿಡಲಿಲ್ಲ. ಕೆರೆದು ತೆಗೆದು, ಫರಸಿ ಕೊಯ್ಯುವ ಕಡೆ ಬೀಳುವ ಬೂದು ಹುಡಿಯನ್ನು ಹಾಸಿದೆ.

ಎಲ್ಲ ಮುಗಿಯಿತೆಂದು ಹಳಿಯ ಮೇಲೆ ಒಂದು ಸರಕು ಡಬ್ಬಿ ನಿಲ್ಲಿಸಿ, ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟೆ. ಬಂದವರೆಲ್ಲ ಹೊಗಳಿದರು. ಗಂಜಿನಲ್ಲಿ ತೊಗರಿ ಮೂಟೆ ಹೊರುವ ಮುದುಕ ಹಮಾಲಿಯೊಬ್ಬರು ಗಡಿಯಾರಕ್ಕೆ ಪಟ್ಟಿ ಹಾಕಿಸಲು ಬಂದವರು, ಕನ್ನಡಕವೂ ಇಲ್ಲದೆ, ನಾಲ್ಕು ಅಡಿ ದೂರದಿಂದ ನೋಡಿ, "ಕಟ್ಟೆ ತಗ್ಗಾಯಿತಲ್ಲ" ಎಂದರು. "ಈ ಡಬ್ಬಿಗೆ ಮೂಟೆ ಏರಿಸಿದರೆ ಸೊಂಟ ಮುರಿಯುತ್ತದೆ."

ಅಳೆದು ನೋಡಿದೆ. ಗೋದಾಮನ್ನು ನೇರವಾಗಿ ಪ್ಲೈವುಡ್ಡಿಗೆ ಅಂಟಿಸಿ, ಹಳಿಯನ್ನು ಮಾತ್ರ ಐದು ಮಿಲಿಮೀಟರ್ ಕಾರ್ಕಿನ ಮೇಲೆ ಹಾಸಿದ್ದೆ. ಡಬ್ಬಿಯ ನೆಲ ಕಟ್ಟೆಗಿಂತ ಸರಿಯಾಗಿ ಒಂದು ತೊಗರಿ ಕಾಳಿನಷ್ಟು, ಒಂದೂವರೆ ಅಡಿ, ಮೇಲಿತ್ತು. ಗೂಡ್ಸ್ ಶೆಡ್ಡಿನ ಗುಮಾಸ್ತನ ಮಗ ಸಾವಿರಾರು ಮೊಳೆ ಚುಚ್ಚಿದ್ದ, ಕಟ್ಟೆಯ ಎತ್ತರ ನೋಡಿರಲಿಲ್ಲ. ಬುಡದ ಸುತ್ತ ಬಿಸಿನೀರು ಸವರಿ ಅಂಟು ಮೆತ್ತಗೆ ಮಾಡಿ, ತೆಳು ಬ್ಲೇಡು ಆಡಿಸುತ್ತ ಎಬ್ಬಿಸಲು ಎರಡು ಸಂಜೆ ಹಿಡಿಯಿತು. ಒಂದು ಕಡೆ ಹಲಗೆ ಸೀಳಿತು, ಅದರ ಮುಂದೆ ಈಗ ಮೂರು ಪೀಪಾಯಿಗಳಿವೆ. ಕೆಳಗೆ ನಾಲ್ಕು ಮಿಲಿಮೀಟರ್ ಹಾರ್ಡ್‌ಬೋರ್ಡ್ ಕೊಟ್ಟು ಕೂರಿಸಿ, ಸುತ್ತ ಹುಡಿಯಿಂದ ಇಳಿಜಾರು ಮಾಡಿದೆ.

ಅವರು ಮತ್ತೆ ಬಂದಾಗ ಕರೆದು ತೋರಿಸಿದೆ. ಬಗ್ಗಿ ನೋಡಿ, "ಈಗ ಸರಿ. ಆದರೆ ಹಲಗೆ ಎಲ್ಲಿ?" ಎಂದರು. ಕಟ್ಟೆಗೂ ಡಬ್ಬಿಗೂ ನಡುವಿನ ಸಂದಿಗೆ ಹಾಕುವ ಹಲಗೆ. ಪೆಟ್ಟಿಗೆಯಲ್ಲಿ ಉಳಿದಿದ್ದ ಪಟ್ಟಿಯನ್ನು ಅಲ್ಲೇ ಕತ್ತರಿಸಿ, ನಡುವೆ ಕಾಲು ಸವೆದ ಗುರುತು ಬರಲೆಂದು ಉಗುರಿನಿಂದ ತಿಕ್ಕಿ, ಚಿಮುಟದಲ್ಲಿ ಹಿಡಿದು ಇಟ್ಟೆ. ಫೆವಿಕಾಲಿಗೆ ಕೈ ಹಾಕಿದ್ದೆ. ಅವರು ತಡೆದರು.

"ಅಂಟಿಸಬೇಡಿ. ಗಾಡಿ ಹೊರಡುವಾಗ ತೆಗೆಯಬೇಕಲ್ಲ."